‘ಆರೋಗ್ಯಕರ ಅಂಗಾಂಶ’ ಸರಿಯೇ? ‘ವಿಕಿರಣ ರಕ್ಷಕ’ ಯಾರನ್ನು ಕಾಯುತ್ತಾನೆ?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್‌ಗೆ ರೇಡಿಯೇಶನ್ ತೆಗೆದುಕೊಳ್ಳುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ.

ಗಡ್ಡೆಯ ಸುತ್ತ ಇರುವ, ರೋಗ ತಾಗದ ಭಾಗಕ್ಕೆ ‘ಆರೋಗ್ಯಕರ ಅಂಗಾಂಶ’ ಎಂದು ಬರೆಯುವುದನ್ನು ತುಂಬಾ ನೋಡಿದ್ದೇನೆ. ಹಾನಿಕರ ಎಂದರೆ ಹಾನಿ ಮಾಡುವಂಥದ್ದು. ಹಾಗಾದರೆ ಆರೋಗ್ಯಕರ ಎಂದರೆ ಆರೋಗ್ಯ ಕೊಡುವಂಥದ್ದು, ಅಲ್ವಾ? ಊಟ ಆರೋಗ್ಯಕರ ಇರಬಹುದು, ಅಂಗಾಂಶ ಹೇಗೆ? ‘ಆರೋಗ್ಯವಂತ’ ಎಂದರೆ ಯಾರೋ ಮನುಷ್ಯರ ಬಗ್ಗೆ ಹೇಳಿದ ಹಾಗಾಗುತ್ತದೆ. ಸದ್ಯಕ್ಕೆ ‘ರೋಗವಿಲ್ಲದ ಅಂಗಾಂಶ’ ಎಂದು ಬರೆದಿಟ್ಟಿದ್ದೇನೆ.

ಮುಂದಿನದು ಇನ್ನೂ ಕಷ್ಟ. ಈ ಅಂಗಾಂಶವನ್ನು ಕಿರಣದ ಪೆಟ್ಟಿನಿಂದ ಉಳಿಸುವ ಎಲ್ಲ ದಾರಿಗೂ ನಾವು ಸುಮ್ನೆ ‘ರಕ್ಷಣೆ’ ಎಂದುಬಿಡುತ್ತೇವೆ. ಎಡ ಸ್ತನಕ್ಕೆ ಕಿರಣ ಕೊಡುವಾಗ ಉಸಿರನ್ನು ಆಳವಾಗಿ ಎಳೆದು ಹಿಡಿದುಕೊಳ್ಳಲು ಹೇಳುವುದುಂಟು. ಶ್ವಾಸಕೋಶ ಉಬ್ಬುತ್ತದೆ, ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ. ಇದು ಹೃದಯವನ್ನು ಕಿರಣದ ದಾರಿಯಿಂದ ತಪ್ಪಿಸುವ ಕೆಲಸ. ಕಿರಣ ಬಿದ್ದರೂ ಪೆಟ್ಟು ಕಡಿಮೆ ಆಗುವಂತೆ ಮಾಡುವುದು ಬೇರೆಯದೇ ಕೆಲಸ. ಅಮಿಫಾಸ್ಟಿನ್ ಅಂಥ ಮದ್ದು. ಕಿರಣ ಕೊಡುವ 15ರಿಂದ 30 ನಿಮಿಷ ಮೊದಲು ರಕ್ತನಾಳಕ್ಕೆ ಬಿಡುತ್ತಾರೆ. ರೋಗವಿಲ್ಲದ ಅಂಗಾಂಶದಲ್ಲಿ ಜಾಸ್ತಿ ಇರುವ ಒಂದು ಕಿಣ್ವ ಅದನ್ನು ಚುರುಕುಗೊಳಿಸುತ್ತದೆ. ಗಡ್ಡೆಯಲ್ಲಿ ಆ ಕಿಣ್ವ ಕಡಿಮೆ, ಹಾಗಾಗಿ ಗಡ್ಡೆಗೆ ಅಷ್ಟಾಗಿ ಕಾವಲು ಸಿಗುವುದಿಲ್ಲ. ತಲೆ, ಕುತ್ತಿಗೆಗೆ ರೇಡಿಯೇಶನ್ ಆದವರ ಬಾಯಿ ಒಣಗುವುದನ್ನು ತಗ್ಗಿಸಲು 1999ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. (ಮೊದಲು ಹುಡುಕಿಸಿದ್ದು ಅಲ್ಲಿನ ಸೇನೆ, ಅಣುಯುದ್ಧದಲ್ಲಿ ಸೈನಿಕರನ್ನು ಕಾಯಲು. ಈ ಮದ್ದೂ ವಾಕರಿಕೆ ತರಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಅಡ್ಡ ಪರಿಣಾಮ ತಪ್ಪಿಸುವ ಮದ್ದಿಗೂ ಅಡ್ಡ ಪರಿಣಾಮ!)

ಇಂಥ ಮದ್ದಿಗೆ ‘ವಿಕಿರಣ ರಕ್ಷಕ’ ಎಂಬ ಪದ ಕಣ್ಣಿಗೆ ಬಿತ್ತು. ಅಂಗರಕ್ಷಕ ಅಂಗವನ್ನು ಕಾಯುತ್ತಾನೆ. ಹಾಗೆ ನೋಡಿದರೆ ಇವನು ವಿಕಿರಣವನ್ನೇ ಕಾಯಬೇಕಲ್ಲ! ‘ವಿಕಿರಣ ತಡೆ’ ಎನ್ನಲೂ ಬರುವುದಿಲ್ಲ, ಮದ್ದು ಕಿರಣವನ್ನು ತಡೆಯುವುದಿಲ್ಲ. ‘ಕಾಪುಮದ್ದು’ ಎಂದರೆ ಹೇಗೆ? ನನಗೆ ಇಷ್ಟವಾಗಿದೆ, ಆದರೆ ಹಳೇ ಕಾಲದ ಮಾತಿನಂತೆ ಕೇಳುತ್ತದೇನೋ ಎಂಬ ಅಳುಕಿದೆ.

ಕೊನೆಯದಾಗಿ, ಜನ ರೇಡಿಯೇಶನ್‌ಗೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಎಲ್ಲರಿಗೂ ಅರ್ಥವಾಗುವ ಮಾತು. ಆದರೆ ಕೇಳಿದವರು ಶಾಕ್ ಹೊಡೆಯುತ್ತದೆಂದು ಹೆದರುತ್ತಾರೆ. ಕಿರಣ ಬೀಳುವಾಗ ನೋವೇ ಗೊತ್ತಾಗುವುದಿಲ್ಲ. ಕೈಪಿಡಿಯಲ್ಲಿ ಈ ಮಾತನ್ನು ಒಮ್ಮೆಯಾದರೂ ಬಳಸಲೇ, ಪೂರ್ತಿ ಬಿಡಲೇ?