ಗಡುವು ಮುಗಿದರೂ ಪೌತಿ ಖಾತೆ ಕದಲದಿದ್ದರೆ: ಲಂಚ, ಶಿಫಾರಸು ಎರಡೂ ಇಲ್ಲದ ದಾರಿ ಯಾವುದು?

ಕಂದಾಯ_ಕಟ್ಟುವವ (ಪ್ರಶ್ನೆ)

ಸರ್ಕಾರ ಮಾಡಬೇಕಾದ ಕೆಲಸ ಕೆಲವೇ, ಅವನ್ನಾದರೂ ನೆಟ್ಟಗೆ ಮಾಡಲಿ ಎನ್ನುವ ಹಳೇ ಅಭಿಪ್ರಾಯದವನು ನಾನು. ಪೊಲೀಸು, ರಸ್ತೆ, ಕೋರ್ಟು, ಭೂದಾಖಲೆ. ಇಷ್ಟು ಸರಿಯಿದ್ದರೆ ಮಿಕ್ಕದ್ದನ್ನು ಜನರೇ ನೋಡಿಕೊಳ್ಳುತ್ತಾರೆ.

2025-26ರ ಕರ್ನಾಟಕ ಬಜೆಟ್ 4.09 ಲಕ್ಷ ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೇ 51 ಸಾವಿರ ಕೋಟಿಗೂ ಹೆಚ್ಚು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಯಿತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿಸಿದರೆ ನಗರದಲ್ಲಿ 50 ಲಕ್ಷದ ನಿವೇಶನಕ್ಕೆ ಮೊದಲು 3.30 ಲಕ್ಷ ಕಟ್ಟುತ್ತಿದ್ದವರು ಈಗ 3.80 ಲಕ್ಷ ಕಟ್ಟಬೇಕು. ದುಡ್ಡು ತೆಗೆದುಕೊಳ್ಳುವ ಕಡೆ ಎಲ್ಲ ಆನ್‌ಲೈನ್, ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಅದೇ ಜಮೀನಿನ ಯಜಮಾನ ತೀರಿಕೊಂಡು ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಬೇಕೆಂದರೆ ಮಾತ್ರ "ಸರ್ವರ್ ಇಲ್ಲ", "ಇನ್ನೊಂದು ದಾಖಲೆ ತನ್ನಿ", "ಸಾಹೇಬ್ರು ಮೀಟಿಂಗಲ್ಲಿದ್ದಾರೆ". 1902 ಸಹಾಯವಾಣಿಗೆ ದೂರು ಕೊಟ್ಟರೆ "ಸೂಕ್ತ ಕ್ರಮಕ್ಕೆ ಸೂಚಿಸಲಾಗಿದೆ" ಎಂದು ಮುಚ್ಚಿಬಿಡುತ್ತಾರೆ.

ಪಕ್ಷ ರಾಜಕೀಯ ಬೇಡ, ಮೂರೂ ಪಕ್ಷಗಳ ಕಾಲದಲ್ಲಿ ಇದೇ ಕಥೆ. ಏಜೆಂಟರ ನಂಬರೂ ಬೇಡ. ಕಾನೂನು ಪ್ರಕಾರ ಯಾವುದು ಮೊದಲು, ಯಾವುದು ಆಮೇಲೆ? ಅಷ್ಟು ತಿಳಿದವರು ಹೇಳಿ.

---

ಪಹಣಿ_ಪಂಡಿತ

ಸಿಟ್ಟು ಸರಿ ಸಾರ್. ಆದರೆ ಪೌತಿ ಖಾತೆ ನಿಲ್ಲುವುದು ಎರಡು ಕಾರಣಕ್ಕೆ: ಕಡತದಲ್ಲೇ ತೊಡಕಿರುತ್ತದೆ, ಇಲ್ಲವೇ ಕಡತ ಹಿಡಿದು ಕೂತವರಲ್ಲಿ. ಮೊದಲನೆಯದನ್ನು ನೀವೇ ತೆಗೆದು ಹಾಕಿದರೆ ಎರಡನೆಯದರ ಮೇಲೆ ಕೈ ಇಡಬಹುದು. ಅಲ್ಲಿಯವರೆಗೂ ಅವರ ಹತ್ತಿರ ಒಂದಲ್ಲ ಒಂದು ನೆಪ ಇದ್ದೇ ಇರುತ್ತದೆ.

ಕ್ರಯಪತ್ರ ನೋಂದಣಿಯಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಜೆ ಸ್ಲಿಪ್ (ನೋಂದಣಿಯಾಯಿತೆಂಬ ಸೂಚನೆ) ಪಹಣಿ ಇಡುವ 'ಭೂಮಿ' ತಂತ್ರಾಂಶಕ್ಕೆ ತಾನಾಗಿಯೇ ಹೋಗುತ್ತದೆ, ಮ್ಯುಟೇಶನ್ (ಖಾತೆ ಬದಲಾವಣೆ) ಅಲ್ಲಿಂದ ಶುರು. ಪೌತಿಗೆ ಪತ್ರವೇ ಇಲ್ಲ, ಹಾಗಾಗಿ ಜೆ ಸ್ಲಿಪ್ಪೂ ಇಲ್ಲ. ವಾರಸುದಾರರು ಅರ್ಜಿ ಹಾಕದಿದ್ದರೆ ಸತ್ತವರ ಹೆಸರು ಎರಡು ತಲೆಮಾರು ಪಹಣಿಯಲ್ಲಿ ಕೂತಿರುತ್ತದೆ. ಭೂಕಂದಾಯ ಕಾಯ್ದೆ 1964ರ ಕಲಂ 128ರ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡುವುದು ವಾರಸುದಾರರ ಕೆಲಸ. ವರದಿ ತೆಗೆದುಕೊಂಡವರು ಕೂಡಲೇ ಲಿಖಿತ ಸ್ವೀಕೃತಿ ಕೊಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ಈ ಎರಡನೇ ಭಾಗವನ್ನು ಯಾರೂ ಓದುವುದಿಲ್ಲ.

ಅರ್ಜಿ ಹಾಕುವ ಮುಂಚೆ ಇತ್ತೀಚಿನ ಪಹಣಿ ತೆಗೆದು ನೋಡಬೇಕಾದ್ದು:

ಕಾಲಂ 3 ಮತ್ತು ಕಾಲಂ 9. ಮೂರರಲ್ಲಿ ಸರ್ವೆ ನಂಬರಿನ ವಿಸ್ತೀರ್ಣ, ಒಂಬತ್ತರಲ್ಲಿ ಖಾತೆದಾರರ ಹೆಸರು ಮತ್ತು ಅವರವರ ವಿಸ್ತೀರ್ಣ. ಒಂಬತ್ತರಲ್ಲಿರುವ ಎಲ್ಲರದ್ದೂ ಕೂಡಿದರೆ ಮೂರರ ಲೆಕ್ಕಕ್ಕೆ ತಾಳೆಯಾಗಬೇಕು. ಮೂರರಲ್ಲಿ 4 ಎಕರೆ 12 ಗುಂಟೆ, ಒಂಬತ್ತರ ಮೊತ್ತ 4 ಎಕರೆ 20 ಗುಂಟೆ ಎಂದಿದ್ದರೆ ಅಲ್ಲಿಗೆ ಬ್ರೇಕ್. ಸಾಮಾನ್ಯವಾಗಿ ಆಗಿರುವುದು ಇಷ್ಟೇ: ಹಿಂದೊಮ್ಮೆ ಭಾಗವಾದಾಗ ಖರಾಬು (ಸಾಗುವಳಿಗೆ ಬಾರದ ಜಾಗ) ಕಳೆಯದೆ ಹಂಚಿ ಬರೆದಿರುತ್ತಾರೆ. ಆ 8 ಗುಂಟೆ ಖರಾಬಿನದ್ದು. ಇದಕ್ಕೆ ಪಹಣಿ ತಿದ್ದುಪಡಿ ಅರ್ಜಿ ಬೇರೆ, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಪ್ರತಿ ಮತ್ತು ಹಳೇ ಮ್ಯುಟೇಶನ್ ಪ್ರತಿ ಜೊತೆಗಿಟ್ಟು ತಹಶೀಲ್ದಾರರಿಗೆ ಕೊಡಬೇಕು. ಇದು ಮುಗಿಯದೆ ಪೌತಿ ಅರ್ಜಿ ಹಾಕಿದರೆ ಅದು ಬಾಕಿ ಬೀಳುವುದು ಖಂಡಿತ, ಮತ್ತು ಆ ಬಾಕಿಗೆ ಯಾರನ್ನೂ ದೂರುವ ಹಾಗಿಲ್ಲ.

ಹೆಸರು. ಪಹಣಿಯಲ್ಲಿ "ತಿಮ್ಮಯ್ಯ ಬಿನ್ ಕರಿಯಪ್ಪ", ಮರಣ ಪ್ರಮಾಣಪತ್ರದಲ್ಲಿ "ತಿಮ್ಮೇಗೌಡ" ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಜೊತೆಗೆ ಆಧಾರ್, ಹಳೇ ಪಡಿತರ ಚೀಟಿ, ಸಹಕಾರ ಸಂಘದ ಪಾಸ್‌ಬುಕ್ಕಿನಂಥ ಎರಡು ಮೂರು ದಾಖಲೆ ಬೇಕು. ಅಫಿಡವಿಟ್ ಒಂದೇ ಸಾಲದು.

ಕಾಲಂ 11. ತೀರಿಸಿದ ಬೆಳೆ ಸಾಲ ಇನ್ನೂ ಋಣವಾಗಿ ಕೂತಿರುತ್ತದೆ. ಬ್ಯಾಂಕಿನ ಋಣಮುಕ್ತ ಪತ್ರ ಪಡೆದು ತೆಗೆಸಿ.

ಇನ್ನು ವಂಶವೃಕ್ಷ. ಅತಿ ಹೆಚ್ಚು ಕೆಡುವುದು ಇಲ್ಲೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವ ಅಭ್ಯಾಸ ಊರೂರಲ್ಲಿ ಇದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು, 2005ರ ಕೇಂದ್ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿತು. ತಂದೆಯ ಸ್ವಯಾರ್ಜಿತವಾದರೆ ವಾರಸಿನಲ್ಲಿ ಮಗಳಿಗೆ ಸಮಪಾಲು 1956ರಿಂದಲೇ ಇದೆ. ಅಕ್ಕತಂಗಿಯರಿಗೆ ಪಾಲು ಬೇಡವಾದರೆ ಅವರು ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಬೇಕು. 20 ರೂಪಾಯಿ ಛಾಪಾ ಕಾಗದದಲ್ಲಿ "ನಮ್ಮ ಅಭ್ಯಂತರ ಇಲ್ಲ" ಎಂದು ಬರೆಸಿದರೆ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಮೊದಲು ಎಲ್ಲರ ಹೆಸರಿಗೂ ಜಂಟಿ ಖಾತೆ ಮಾಡಿಸಿ, ವಿಭಾಗ ಪತ್ರವೋ ಬಿಡುಗಡೆ ಪತ್ರವೋ ಆಮೇಲೆ. ಇದೇ ಕಡಿಮೆ ತಕರಾರಿನ ದಾರಿ.

ಖಾತೆದಾರ ಅಜ್ಜ, ಅಪ್ಪನೂ ಇಲ್ಲ ಎಂದರೆ ವಂಶವೃಕ್ಷ ಅಜ್ಜನಿಂದಲೇ ಶುರುವಾಗಬೇಕು. ಮರಣ ನೋಂದಣಿಯೇ ಆಗಿಲ್ಲ, ವರ್ಷ ದಾಟಿದೆ ಎಂದರೆ ಜನನ ಮರಣ ನೋಂದಣಿ ಕಾಯ್ದೆ ಕಲಂ 13ರಡಿ ಮ್ಯಾಜಿಸ್ಟ್ರೇಟರ ಆದೇಶ ತರಬೇಕು. ಅದಕ್ಕೇ ತಿಂಗಳುಗಳು ಹೋಗುತ್ತವೆ, ಮೊದಲು ಅದನ್ನು ಹಿಡಿಯಿರಿ.

---

ಹಿಂಬರಹ

ಪಂಡಿತರು ಕಡತದ ಒಳಗಿನದ್ದು ಹೇಳಿದ್ದಾರೆ, ನಾನು ಕೌಂಟರಿನದ್ದು ಹೇಳುತ್ತೇನೆ.

ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆ 2011ರದ್ದು, ರಾಜ್ಯದಾದ್ಯಂತ ಜಾರಿಯಾದದ್ದು 2012ರ ಏಪ್ರಿಲ್ 2ಕ್ಕೆ, 11 ಇಲಾಖೆಗಳ 151 ಸೇವೆಗಳಿಂದ. ಅದರ ಜೀವ ಇರುವುದು ಪ್ರತಿ ಅರ್ಜಿಗೂ ಸಿಗುವ 15 ಅಂಕಿಯ ಜಿಎಸ್‌ಸಿ ನಂಬರಿನಲ್ಲಿ. ಆ ನಂಬರ್ ಬಿದ್ದ ಮೇಲೆಯೇ ಗಡುವಿನ ಗಡಿಯಾರ ಓಡುವುದು. ಹಾಗಾಗಿ ವಿಳಂಬ ಮಾಡುವವರ ಮೊದಲ ಪಟ್ಟು ನಂಬರ್ ಕೊಡದಿರುವುದು: "ಕಾಗದ ಇಟ್ಟು ಹೋಗಿ, ನೋಡಿ ಹಾಕ್ತೀವಿ." ಇಟ್ಟು ಹೋಗಬೇಡಿ. ನಂಬರ್ ಇಲ್ಲದ ಅರ್ಜಿ ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ. ನಾಡಕಚೇರಿಯಲ್ಲಿ ಕೊಡದಿದ್ದರೆ ಗ್ರಾಮ ಒನ್‌ನಲ್ಲೋ ಆನ್‌ಲೈನಲ್ಲೋ ಹಾಕಿ. ಅಲ್ಲಿ ಸ್ವೀಕೃತಿ ತಾನಾಗಿ ಬರುತ್ತದೆ, ಗಡುವಿನ ದಿನಾಂಕವೂ ಅದರಲ್ಲೇ ಇರುತ್ತದೆ. ಅಲ್ಲೂ ಆಗದಿದ್ದರೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ತಹಶೀಲ್ದಾರರ ಹುದ್ದೆಯ ಹೆಸರಿಗೆ ಕಳಿಸಿ (ವ್ಯಕ್ತಿಯ ಹೆಸರಿಗಲ್ಲ, ಅವರು ವರ್ಗವಾಗಿ ಹೋಗಿರುತ್ತಾರೆ), ತಲುಪಿದ ವಿವರ ಮುದ್ರಿಸಿ ಇಟ್ಟುಕೊಳ್ಳಿ.

ಎರಡನೇ ಪಟ್ಟು ಇನ್ನೂ ಚುರುಕು. ಗಡುವು ಮುಗಿಯುವ ಹಿಂದಿನ ದಿನ "ದಾಖಲೆ ಅಪೂರ್ಣ" ಎಂದು ತಿರಸ್ಕರಿಸುವುದು. ಸಕಾಲದ ಅಂಕಿಅಂಶದಲ್ಲಿ ಅದೂ ಸಕಾಲದಲ್ಲಿ ವಿಲೇವಾರಿಯಾದ ಅರ್ಜಿಯೇ! ವಿಲೇವಾರಿ ಶೇಕಡಾವಾರು ನೋಡಿ ಬೀಗುವ ಪತ್ರಿಕಾ ಪ್ರಕಟಣೆಗಳನ್ನು ನಾನು ನಂಬದಿರುವುದು ಇದಕ್ಕೇ. ತಿರಸ್ಕಾರವಾದರೆ ಸುಮ್ಮನೆ ಹೊಸ ಅರ್ಜಿ ಹಾಕಬೇಡಿ, ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಯಾವ ದಾಖಲೆ, ಯಾವ ನಿಯಮದಡಿ ಬೇಕು ಎಂದು ಲಿಖಿತ ಹಿಂಬರಹ ಕೇಳಿ ಪಡೆದು, ಅದರ ಮೇಲೆ 30 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಗಡುವು ಸುಮ್ಮನೆ ಕಳೆದುಹೋದಾಗಲೂ ಇದೇ ಮೇಲ್ಮನವಿ. ಆ ಅಧಿಕಾರಿ ಯಾರು ಎಂಬುದು ಕಚೇರಿಯ ಸಕಾಲ ಫಲಕದಲ್ಲಿ ಇರಬೇಕು. ಮೊದಲು ಜಿಎಸ್‌ಸಿ ನಂಬರ್ ಹಿಡಿದು 080-44554455ಕ್ಕೆ ಕರೆ ಮಾಡಿದರೆ ಅರ್ಜಿ ಯಾವ ಹಂತದಲ್ಲಿದೆ ಎಂದಾದರೂ ತಿಳಿಯುತ್ತದೆ.

ವಿಳಂಬಕ್ಕೆ ಪರಿಹಾರ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅಂದರೆ 25 ದಿನದ ನಂತರ ಎಷ್ಟು ತಡವಾದರೂ ದಂಡ ಏರುವುದಿಲ್ಲ. 26ನೇ ದಿನಕ್ಕೂ 260ನೇ ದಿನಕ್ಕೂ ಒಂದೇ ಬೆಲೆ. ಕಾಯ್ದೆಯ ದೊಡ್ಡ ತೂತು ಇದೇ. ಆದರೂ ಮೇಲ್ಮನವಿಯಲ್ಲಿ ಪರಿಹಾರ ಕೇಳಿ. ಮೊತ್ತಕ್ಕಾಗಿ ಅಲ್ಲ, ಅದು ತಪ್ಪಿತಸ್ಥ ನೌಕರರ ಸಂಬಳದಿಂದ ಕಡಿತವಾಗುತ್ತದೆ, ದಾಖಲಾಗುತ್ತದೆ. ಅದರ ಬಿಸಿ 500 ರೂಪಾಯಿಗಿಂತ ಹೆಚ್ಚು.

---

ಮಂಡ್ಯದ_ಮಾತು

ಎಲ್ಲ ಸರಿ ಯಜಮಾನ್ರೇ, ಆದರೆ "ಸರ್ಕಾರ ಚಿಕ್ಕದಿರಲಿ" ಅನ್ನೋರು ಒಂದು ಲೆಕ್ಕ ಬಿಡ್ತೀರಿ. ರಾಜ್ಯದಲ್ಲಿ ಎರಡೂವರೆ ಲಕ್ಷದಷ್ಟು ಮಂಜೂರಾದ ಹುದ್ದೆ ಖಾಲಿ ಇವೆ. ಒಬ್ಬ ಗ್ರಾಮ ಆಡಳಿತಾಧಿಕಾರಿ ಕೈಯಲ್ಲಿ ಒಂದಕ್ಕಿಂತ ಹೆಚ್ಚು ವೃತ್ತ, ಜೊತೆಗೆ ಬೆಳೆ ಹಾನಿ ಸಮೀಕ್ಷೆ, ಪಿಂಚಣಿ ಪರಿಶೀಲನೆ, ಮತದಾರರ ಪಟ್ಟಿ, ಪಹಣಿಗೆ ಆಧಾರ್ ಜೋಡಣೆ. ನಿಮ್ಮ ಪೌತಿಗೆ ಸ್ಥಳ ಮಹಜರು ಮಾಡಬೇಕಾದವನೂ ಅವನೇ. ಸರ್ಕಾರ ಈಗಾಗಲೇ ಚಿಕ್ಕದೇ ಇದೆ, ಚಿಕ್ಕದಾಗಬಾರದ ಜಾಗದಲ್ಲಿ.

---

ಕಂದಾಯ_ಕಟ್ಟುವವ

ಮಂಡ್ಯದವರೇ, ಒಪ್ಪಿದೆ. ನಾನು ಹೇಳುವುದೂ ಅದೇ: ಮೂಲ ಕೆಲಸಕ್ಕೆ ಜನ ಹಾಕದೆ ಹೊಸ ಹೊಸ ಯೋಜನೆಯ ಹೊರೆಯನ್ನು ಇರುವ ಆ ಒಬ್ಬನ ತಲೆಗೇ ಕಟ್ಟುತ್ತಾರೆ. ಕಡಿಮೆ ಕೆಲಸ ಹಿಡಿಯಲಿ, ಹಿಡಿದದ್ದಕ್ಕೆ ಪೂರ್ತಿ ಜನ ಕೊಡಲಿ. ಗ್ಯಾರಂಟಿಗಳ ಚರ್ಚೆ ಇಲ್ಲಿಗೆ ಸಾಕು.

ಕಡತ ಯಾರ ಮೇಜಿನ ಮೇಲಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಉಪಯೋಗಕ್ಕೆ ಬರುತ್ತದೆಯೇ? ಹಣ ಕೇಳಿದರೆ ಏನು ಮಾಡಬೇಕು?

---

ನಮೂನೆ_ಎ

ಬರುತ್ತದೆ, ಪ್ರಶ್ನೆ ಸರಿಯಾಗಿ ಬರೆದರೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇದನ್ನು ಮೀರಿದ್ದಕ್ಕೇ ವಾಪಸ್ಸಾಗುವ ಅರ್ಜಿಗಳು ಬೇಕಾದಷ್ಟು. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಿದರೆ ಅದರ ನಂಬರ್ ಅರ್ಜಿಯಲ್ಲೇ ಬರೆಯಿರಿ.

"ಏಕೆ ತಡವಾಯಿತು" ಎಂದು ಕೇಳಬೇಡಿ. ಕಾರಣ ವಿವರಿಸುವುದು ಮಾಹಿತಿಯಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಇರುವ ದಾಖಲೆಯನ್ನೇ ಕೇಳಿ: "ದಿನಾಂಕ ಇಂಥದ್ದರ, ಜಿಎಸ್‌ಸಿ ನಂಬರ್ ಇಂಥದ್ದರ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ, ಕಡತ ಯಾವ ದಿನ ಯಾವ ಹುದ್ದೆಯವರಿಗೆ ಹೋಗಿ ಯಾವ ದಿನ ಹೊರಬಂತು ಎಂಬ ಚಲನವಲನದ ಪ್ರತಿ." ಇಷ್ಟೇ ಸಾಕು. ಅನೇಕ ಕಡೆ ಈ ಅರ್ಜಿ ಮುಟ್ಟಿದ ವಾರದಲ್ಲಿ ಮೂಲ ಕಡತವೇ ಕದಲುತ್ತದೆ, ಏಕೆಂದರೆ ಟಿಪ್ಪಣಿ ಹಾಳೆ ಖಾಲಿ ಇದೆ ಎಂದು ಬರೆದುಕೊಡಲು ಯಾರಿಗೂ ಇಷ್ಟವಿಲ್ಲ.

ಉತ್ತರಕ್ಕೆ 30 ದಿನ. ಬರಲಿಲ್ಲ ಅಥವಾ ಅರ್ಧಂಬರ್ಧ ಬಂತು ಎಂದರೆ ಮುಂದಿನ 30 ದಿನದೊಳಗೆ ಕಲಂ 19(1)ರ ಮೊದಲ ಮೇಲ್ಮನವಿ. ಅಲ್ಲಿಂದ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ವಿಚಾರಣೆಗೆ ಬರಲು ಬಹಳ ಕಾಲ ಹಿಡಿಯುತ್ತದೆ, ಅದನ್ನೇ ನೆಚ್ಚಿ ಕೂರಬೇಡಿ. ಮಾಹಿತಿ ಹಕ್ಕು ಕಾಗದ ಹೊರತೆಗೆಯುವ ಸಾಧನ, ಖಾತೆ ಮಾಡಿಕೊಡುವ ಸಾಧನವಲ್ಲ. ಸಕಾಲ ಮೇಲ್ಮನವಿ ಅದರ ಪಾಡಿಗೆ ನಡೆಯುತ್ತಿರಲಿ.

---

ಸಾಕ್ಷಿಪುರುಷ

ಹಣದ ಪ್ರಶ್ನೆಗೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಕೊಡುವವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಬೇಕು, ಆಗ ಮಾತ್ರ ರಕ್ಷಣೆ. "ಕೆಲಸ ಆಗಲಿ, ಆಮೇಲೆ ದೂರು ಕೊಡೋಣ" ಎಂಬ ಲೆಕ್ಕಾಚಾರ ಈಗ ನಡೆಯದು.

ಕೇಳಿದಾಗ ಇಲ್ಲ ಎನ್ನದೆ, ಹ್ಞೂಂ ಎನ್ನದೆ ಸಮಯ ಕೇಳಿ ಬನ್ನಿ. ನೇರ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಈಗಿಲ್ಲ, 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿತು. ಧ್ವನಿಮುದ್ರಣವಿದ್ದರೆ ಆ ಫೋನನ್ನು ಹಾಗೆಯೇ ಉಳಿಸಿಕೊಳ್ಳಿ, ವಾಟ್ಸ್ಆ್ಯಪ್‌ನಲ್ಲಿ ಅವರಿಗಿವರಿಗೆ ಕಳಿಸಿ ಮೂಲ ಅಳಿಸಬೇಡಿ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಾಧನದ ವಿವರ ಅದರಲ್ಲಿ ಬರಬೇಕು. ಟ್ರ್ಯಾಪ್ ಎಂದರೆ ನೋಟಿನ ನಂಬರ್ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರಿ ಕೊಡುತ್ತಾರೆ. ಮುಟ್ಟಿದವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿಯಾಗುತ್ತದೆ. ಅಷ್ಟಾದರೂ ಅವರು ಹಣ ಕೇಳಿದ್ದರು ಎಂಬುದು ಪ್ರತ್ಯೇಕವಾಗಿ ಸಾಬೀತಾಗಬೇಕು. ಎಷ್ಟೋ ಕೇಸು ಬೀಳುವುದು ಅಲ್ಲೇ. ಆದ್ದರಿಂದ ಕೇಳಿದ ಮಾತು ದಾಖಲಾಗಿರುವುದು ಮುಖ್ಯ.

ಹಣ ಕೇಳಿಲ್ಲ, ಸುಮ್ಮನೆ ಸತಾಯಿಸುತ್ತಿದ್ದಾರೆ ಎಂದರೆ ಅದು ಪೊಲೀಸ್ ಕೇಸಲ್ಲ. ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಅಫಿಡವಿಟ್ ಸಮೇತ ಕುಂದುಕೊರತೆಯ ದೂರು. ಅದಕ್ಕೆ ಜಿಎಸ್‌ಸಿ ಸ್ವೀಕೃತಿ, ಹಿಂಬರಹ, ಮೇಲ್ಮನವಿ ಪ್ರತಿ ಲಗತ್ತಿಸಿ.

---

ಪಹಣಿ_ಪಂಡಿತ

ಒಂದು ಬಿಟ್ಟುಹೋಯಿತು. ತಡವಾದದ್ದಕ್ಕೆ ಸಕಾಲ ಮೇಲ್ಮನವಿ, ತಪ್ಪು ಆದೇಶಕ್ಕೆ ಅಲ್ಲ. ಯಾರಾದರೂ ತಕರಾರು ಹಾಕಿದರೆ ಅದು ಕಲಂ 129ರಡಿ ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಅಲ್ಲಿ ನಿಮ್ಮ ವಿರುದ್ಧ ಆದೇಶವಾದರೆ ಕಲಂ 136(2)ರಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಆದೇಶ ನಿಮಗೆ ತಲುಪಿದ ದಿನದಿಂದ 60 ದಿನ. ಆದೇಶದ ದಿನದಿಂದಲ್ಲ, ತಲುಪಿದ ದಿನದಿಂದ. ಆದ್ದರಿಂದ ಅಂಚೆ ಲಕೋಟೆ ಬಿಸಾಡಬೇಡಿ. ನಕಲಿಗೆ ಅರ್ಜಿ ಹಾಕಿದ್ದರೆ ಹಾಕಿದ ದಿನ, ಸಿಕ್ಕ ದಿನ ಎರಡನ್ನೂ ನಕಲಿನ ಹಿಂದೆ ಬರೆಸಿಕೊಳ್ಳಿ. ಅಲ್ಲಿಯೂ ಆಗದಿದ್ದರೆ 136(3)ರಲ್ಲಿ ಜಿಲ್ಲಾಧಿಕಾರಿಗೆ ರಿವಿಷನ್.

ಆಸ್ತಿ ಯಾರದ್ದು ಎಂಬ ಮೂಲ ಜಗಳವೇ ಇದ್ದರೆ ಕಂದಾಯ ಕಚೇರಿ ಅಲೆಯುವುದು ದಂಡ. ಪಹಣಿ ಹಕ್ಕನ್ನು ಹುಟ್ಟಿಸುವುದಿಲ್ಲ. ಅದು ಸರಿ ಎಂಬ ಪೂರ್ವಭಾವನೆ ಅಷ್ಟೇ ಇರುವುದು, ಅದನ್ನು ಸುಳ್ಳೆಂದು ತೋರಿಸಬಹುದು. ಅಂಥದ್ದಕ್ಕೆ ಸಿವಿಲ್ ಕೋರ್ಟೇ ಗತಿ. ದಾವೆ ಹಾಕಿದ ದಿನವೇ ಅದರ ಪ್ರತಿಯನ್ನು ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ.