ಹತ್ತು ಸಾಲಿನ ಹಾಳೆ, ಮಕ್ಕಳ ಆಶಾವಾದ: ಮೇಡಂಗೆ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರದಿಂದ ನಮ್ಮ ತುಮಕೂರು ಪೋಷಕರು–ಶಿಕ್ಷಕರ ಗುಂಪಿನಲ್ಲಿ ಒಂದೇ ಮಾತು. ಕೆಲವು ಶಾಲೆಗಳಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಹತ್ತು ಸಾಲಿನ ಹಾಳೆ ಕೊಟ್ಟು, ‘ನೀನು ಎಷ್ಟು ಆಶಾವಾದಿ’ ಅಂತ ತುಂಬಿಸಿದ್ದಾರೆ. ಅಂಕ ನೋಡಿ ಮನೆಯವರಿಗೆ ಗಾಬರಿ. ಮಕ್ಕಳ ಮನಶ್ಶಾಸ್ತ್ರಜ್ಞೆಯಾಗಿರುವ ಮೇಡಂ ನಮ್ಮ ಗುಂಪಿನಲ್ಲೇ ಇದ್ದಾರೆ. ಇವತ್ತು ಸಂಜೆ 7ರಿಂದ ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕುಣಿಗಲ್ ಅಮ್ಮ: ನಮಸ್ತೆ ಮೇಡಂ. ಮಗನಿಗೆ 13 ಬಂದಿದೆ. ಎಷ್ಟು ಬಂದರೆ ಪಾಸು?

ಮೇಡಂ: ನಮಸ್ತೆ. ಇದರಲ್ಲಿ ಪಾಸು ಫೇಲು ಇಲ್ಲಮ್ಮ. ಎಲ್ಲರಿಗೂ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೈಕೆಲ್ ಶೈಯರ್ ಮತ್ತು ಚಾರ್ಲ್ಸ್ ಕಾರ್ವರ್ 1985ರಲ್ಲಿ ಈ ಪಟ್ಟಿ ಮಾಡಿದರು. 1994ರಲ್ಲಿ ಅದನ್ನು ತಿದ್ದಿ ಹತ್ತು ಸಾಲಿಗೆ ತಂದರು. ಹತ್ತರಲ್ಲಿ ಅಂಕಕ್ಕೆ ಸೇರುವುದು ಆರೇ ಸಾಲು. ಮೂರು ಸಾಲು ‘ಒಳ್ಳೆಯದಾಗುತ್ತೆ’ ಅನ್ನುವ ಕಡೆಗೆ, ಮೂರು ‘ನನಗೆಲ್ಲಿ ಒಳ್ಳೆಯದಾಗುತ್ತೆ’ ಅನ್ನುವ ಕಡೆಗೆ. ಒಂದೊಂದಕ್ಕೆ 0ಯಿಂದ 4. ಒಟ್ಟು 24. ಇಷ್ಟರ ಮೇಲಿದ್ದರೆ ಆಶಾವಾದಿ, ಕೆಳಗಿದ್ದರೆ ನಿರಾಶಾವಾದಿ ಅಂತ ಗೆರೆ ಎಳೆಯಬೇಡಿ. ಪಟ್ಟಿ ಮಾಡಿದವರೇ ಎಳೆದಿಲ್ಲ. ಅದೂ ಅಲ್ಲದೆ ಅವರು ಮಾಡಿದ್ದು ಕಾಲೇಜಿನವರು, ದೊಡ್ಡವರನ್ನು ಮುಂದಿಟ್ಟುಕೊಂಡು. ಹದಿನಾಲ್ಕು ವರ್ಷದ ಹುಡುಗನ 13 ಅನ್ನುವುದು ಅವನ ಜೊತೆ ಮಾತು ಶುರು ಮಾಡಲು ಒಂದು ನೆಪ. ಅಷ್ಟೇ.

ಗುಬ್ಬಿ ಮೇಷ್ಟ್ರು: ಮೇಡಂ, ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ 40ಕ್ಕೆ 40 ತೆಗೆದಿದ್ದಾನೆ. ಇಷ್ಟು ಆಶಾವಾದ ಇರಬಹುದಾ?

ಮೇಡಂ: ಸರ್, ನೀವು ಹತ್ತೂ ಸಾಲು ಕೂಡಿಸಿದ್ದೀರಿ. 2, 5, 6, 8ನೇ ಸಾಲು ಬಿಡಿ. ಅವು ‘ಗೆಳೆಯರ ಜೊತೆ ಖುಷಿಯಾಗಿರುತ್ತೇನೆ’, ‘ಏನಾದರೂ ಕೆಲಸ ಮಾಡುತ್ತಿರಬೇಕು’ ಅನ್ನುವಂಥವು. ಯಾವುದನ್ನು ಅಳೆಯುತ್ತಿದ್ದಾರೆ ಅಂತ ಗೊತ್ತಾಗದಿರಲಿ ಅಂತ ನಡುವೆ ಸೇರಿಸಿದ್ದು. 3, 7, 9ನ್ನು ತಿರುಗಿಸಬೇಕು. ಹುಡುಗ 4 ಹಾಕಿದ್ದರೆ ನೀವು 0 ಬರೆದುಕೊಳ್ಳಬೇಕು. ಹಾಗೆ ಲೆಕ್ಕ ಹಾಕಿದರೆ ನಿಮ್ಮ ಹುಡುಗನದು 12. ಅವನು ‘ನನಗೆ ಒಳ್ಳೆಯದಾಗುತ್ತೆ’ ಅನ್ನುವುದಕ್ಕೂ 4 ಹಾಕಿದ್ದಾನೆ, ‘ನನಗೆ ಒಳ್ಳೆಯದಾಗಲ್ಲ’ ಅನ್ನುವುದಕ್ಕೂ 4 ಹಾಕಿದ್ದಾನೆ. ಅಂದರೆ ಓದದೆ ತುಂಬಿದ್ದಾನೆ, ಇಲ್ಲವೇ ಮೇಷ್ಟ್ರಿಗೆ ಖುಷಿಯಾಗಲಿ ಅಂತ ಎಲ್ಲಕ್ಕೂ ಹೂಂ ಅಂದಿದ್ದಾನೆ. ಊಟದ ಗಂಟೆ ಹೊಡೆಯುವ ಹೊತ್ತಿಗೆ ಹಾಳೆ ಕೊಟ್ಟಿದ್ದಿರಾ?

ಗುಬ್ಬಿ ಮೇಷ್ಟ್ರು: ಕೊನೆ ಪೀರಿಯಡ್ ಮೇಡಂ 🙏

ಮಧುಗಿರಿ ಪೋಷಕರು: ಮಗಳಿಗೆ 14. ಒಳ್ಳೆಯದಾ?

ಮೇಡಂ: ಮೇಲೆ ಓದಿ.

ಬಟವಾಡಿ ಅಂಕಲ್: *ಫಾರ್ವರ್ಡ್:* ಎಚ್ಚರಿಕೆ!! ಆಶಾವಾದ ಅಂಕ 15ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಮಗು ಡಿಪ್ರೆಶನ್‌ನಲ್ಲಿದೆ. ಬೆಳಗಿನ ಜಾವ 4ಕ್ಕೆ ಎಬ್ಬಿಸಿ ‘ನಾನೇ ಟಾಪರ್’ ಅಂತ 21 ಸಲ ಬರೆಸಿ. ಖಾಲಿ ಹೊಟ್ಟೆಗೆ ಬ್ರಾಹ್ಮಿ ರಸ ಕೊಡಿ. 48 ದಿನದಲ್ಲಿ ಫಲ ಖಚಿತ. 10 ಜನಕ್ಕೆ ಕಳಿಸಿ.

ಮೇಡಂ: ಅಡ್ಮಿನ್ ಹೇಳಿದ್ದು ನೋಡಲಿಲ್ಲವಾ ಸರ್? 15ರ ಗೆರೆ ಸುಳ್ಳು. ಈ ಹಾಳೆಯಿಂದ ಖಿನ್ನತೆ ಗೊತ್ತಾಗಲ್ಲ. ಎರಡು ವಾರ ಬಿಡದೆ ಮಂಕಾಗಿದ್ದರೆ, ಇಷ್ಟದ ಆಟವೂ ಬೇಡ ಅಂದರೆ, ನಿದ್ದೆ ಊಟ ಏರುಪೇರಾದರೆ ಡಾಕ್ಟರ ಹತ್ತಿರ ಹೋಗಿ. ಈ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗುವ ಮಗುವನ್ನು ನಾಲ್ಕಕ್ಕೆ ಎಬ್ಬಿಸಿದರೆ ಸಿಡುಕು ಹೆಚ್ಚಾಗುತ್ತೆ, ಆಶಾವಾದ ಅಲ್ಲ. ಯಾವ ರಸವನ್ನೂ ಡಾಕ್ಟರನ್ನು ಕೇಳದೆ ದಿನಾ ಕುಡಿಸಬೇಡಿ.

ಬಟವಾಡಿ ಅಂಕಲ್: ನಮ್ಮ ಅಜ್ಜಿ ಕಾಲದಿಂದ ಬ್ರಾಹ್ಮಿ ಕೊಡ್ತಾ ಇದ್ದಾರೆ ಮೇಡಂ.

ಕೋಚಿಂಗ್ ಸಾರ್: ಪಾಸಿಟಿವ್ ಆಗಿ ಯೋಚಿಸಿದರೆ ಅರ್ಧ ಗೆದ್ದ ಹಾಗೆ. ನಮ್ಮಲ್ಲಿ ಭಾನುವಾರ ‘ಗೆಲುವಿನ ಕನಸು’ ಶಿಬಿರ ಇದೆ. ಕಣ್ಣು ಮುಚ್ಚಿ ರ್‍ಯಾಂಕ್ ಬಂದ ಹಾಗೆ ಕಾಣಬೇಕು. ಆಸಕ್ತರು ಇನ್‌ಬಾಕ್ಸ್ ಮಾಡಿ.

ಶಿರಾ ರೈತ: ಸಾರ್, ಕಣ್ಣು ಮುಚ್ಚಿ ನೀರು ಕಂಡಿದ್ದೇ ಕಂಡಿದ್ದು ನಾವು. ಬೋರ್ ಮೇಲೆ ಬೋರ್ ಕೊರೆಸಿದೆವು. ಧೂಳು ಬಂತು. ಸಾಲ ಉಳಿಯಿತು. ಅದೂ ಆಶಾವಾದವೇ ಅಲ್ವಾ?

ಕೋಚಿಂಗ್ ಸಾರ್: ಇಂಥ ಯೋಚನೆ ಇರುವುದಕ್ಕೇ ಹಳ್ಳಿ ಮಕ್ಕಳು ಹಿಂದೆ ಬೀಳುವುದು.

ಗುಬ್ಬಿ ಮೇಷ್ಟ್ರು: ಹಳ್ಳಿ ಮಕ್ಕಳು ಅಂದರೆ ಏನು ಅರ್ಥ ಸಾರ್? ನಾನು ಸರ್ಕಾರಿ ಶಾಲೆಯವನು. ಸ್ವಲ್ಪ ನೋಡಿ ಮಾತಾಡಿ.

ಮೇಡಂ: ರೈತರು ಹೇಳಿದ್ದರಲ್ಲಿ ಸತ್ವ ಇದೆ. ಗೇಬ್ರಿಯೆಲೆ ಓಟಿಂಗೆನ್ ಮತ್ತು ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ‘ನನ್ನ ಕೈಲಾಗುತ್ತೆ’ ಅಂತ ಹಿಂದಿನ ಅನುಭವದ ಮೇಲೆ ನಂಬಿದವರು ಚೆನ್ನಾಗಿ ಮಾಡಿದರು. ಸುಮ್ನೆ ಗೆದ್ದ ಹಾಗೆ ಸಿಹಿಯಾಗಿ ಕನಸು ಕಂಡವರು ಕಡಿಮೆ ಮಾಡಿದರು. ಪರೀಕ್ಷೆ ಅಂಕದಲ್ಲೂ ಹಾಗೇ, ಕೆಲಸ ಹುಡುಕುವುದರಲ್ಲೂ ಹಾಗೇ. ಕನಸು ಕಾಣಲಿ. ಅದರ ಪಕ್ಕದಲ್ಲೇ ಅಡ್ಡ ಬರುವುದು ಏನು, ಬಂದರೆ ಏನು ಮಾಡುತ್ತೇನೆ ಅಂತಲೂ ಬರೆಯಲಿ. ಶಿಬಿರದ ಜಾಹೀರಾತು ಇಲ್ಲಿ ಬೇಡ.

ಕೊರಟಗೆರೆ ಚಿಕ್ಕಪ್ಪ: ಅಣ್ಣನ ಮಗ ಎಸ್‌ಎಸ್‌ಎಲ್‌ಸಿ. 22 ಬಂದಿದೆ. ಪುಸ್ತಕ ಮುಟ್ಟಲ್ಲ. ಕೇಳಿದರೆ ‘ಬಿಡು ಚಿಕ್ಕಪ್ಪ, ಪರೀಕ್ಷೆ-2 ಇದೆಯಲ್ಲ’ ಅಂತಾನೆ. ಇವನನ್ನು ಹೊಗಳಬೇಕಾ, ಬಯ್ಯಬೇಕಾ?

ಮೇಡಂ: ಎರಡೂ ಬೇಡ. ಮತ್ತೆ ಬರೆಯುವ ಅವಕಾಶ ಇರುವುದು ನಿಜ, ಒಳ್ಳೆಯದೂ ಹೌದು. ಆದರೆ ಕೆಟ್ಟದ್ದು ಪಕ್ಕದವನಿಗೆ, ಒಳ್ಳೆಯದು ನನಗೆ ಅಂತ ನಂಬುವುದು ತುಂಬಾ ಜನರ ಸ್ವಭಾವ. ನೀಲ್ ವೈನ್‌ಸ್ಟೀನ್ 1980ರಲ್ಲೇ ಕಾಲೇಜು ಹುಡುಗರಲ್ಲಿ ಇದನ್ನು ತೋರಿಸಿದ್ದಾರೆ. ಹೀಗೆ ಮಾಡಿ. ಮುಂದಿನ ಕಿರುಪರೀಕ್ಷೆಗೆ ಮೊದಲು ‘ನನಗೆ ಇಷ್ಟು ಬರುತ್ತೆ’ ಅಂತ ಅವನೇ ಚೀಟಿಯಲ್ಲಿ ಬರೆದು ಕವರಿಗೆ ಹಾಕಲಿ. ಅಂಕ ಬಂದ ಮೇಲೆ ಅವನೇ ಬಿಚ್ಚಲಿ. ನೀವು ಬಾಯಿ ಬಿಡಬೇಡಿ. ಮೂರು ನಾಲ್ಕು ಸಲ ಆದರೆ ತನ್ನ ಲೆಕ್ಕ ಎಷ್ಟು ಮೇಲಿದೆ ಅಂತ ಅವನಿಗೇ ಕಾಣುತ್ತೆ.

ಪಾವಗಡ ಅಕ್ಕ: ಮೇಡಂ, ತಂಗಿಗೆ 3 ಬಂದಿದೆ. ಹತ್ತನೇ ಕ್ಲಾಸು. ಹಾಳೆ ಬಗ್ಗೆ ಕೇಳಿದ್ದಕ್ಕೆ ‘ನಾನಿಲ್ಲದಿದ್ದರೆ ನಿಮಗೆ ಖರ್ಚಾದರೂ ಉಳಿಯುತ್ತಿತ್ತು’ ಅಂದಳು. ಆಮೇಲೆ ನಕ್ಕಳು. ಅಂಕ ಹೆಚ್ಚಿಸುವುದು ಹೇಗೆ?

ಮೇಡಂ: ಉಳಿದವರು ಸ್ವಲ್ಪ ತಡೆಯಿರಿ.

ಅಕ್ಕ, ಆ 3ನ್ನು ಈಗ ಮರೆತುಬಿಡಿ. ನನಗೆ ಚಿಂತೆ ಆಗಿರುವುದು ಅವಳ ಮಾತಿನ ಬಗ್ಗೆ. ನಕ್ಕಳು ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನಿಸಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅನ್ನುವುದು ತಪ್ಪು. ಕೇಳಿದರೆ ಮಕ್ಕಳಿಗೆ ಹೇಳಿಕೊಳ್ಳಲು ದಾರಿ ಸಿಗುತ್ತೆ. ಹೌದು ಅಂದರೆ ಬಯ್ಯಬೇಡಿ, ಅಪ್ಪ ಅಮ್ಮನ ಕಷ್ಟ ಹೇಳಬೇಡಿ, ದೇವರ ಆಣೆ ಹಾಕಿಸಬೇಡಿ. ‘ಹೇಳಿದ್ದು ಒಳ್ಳೆಯದಾಯಿತು, ನಾನಿದ್ದೇನೆ’ ಅಂದರೆ ಸಾಕು. ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ಈಗಲೇ ಪಕ್ಕದ ಮನೆಗೆ ಸಾಗಿಸಿ ಬೀಗ ಹಾಕಿಸಿ. ಮಾತ್ರೆ ಡಬ್ಬವೂ ಅಷ್ಟೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಳೆ ಬೆಳಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಬನ್ನಿ. ಅಷ್ಟು ಹೊತ್ತು ಕಾಯುವ ಹಾಗಿಲ್ಲ ಅನಿಸಿದರೆ ಈಗಲೇ ಹತ್ತಿರದ ಆಸ್ಪತ್ರೆಗೆ ಹೊರಡಿ. ಇನ್‌ಬಾಕ್ಸಿನಲ್ಲಿ ನನ್ನ ನಂಬರ್ ಹಾಕಿದ್ದೇನೆ. ಮಾಡಿ.

ಬಟವಾಡಿ ಅಂಕಲ್: ಈಗಿನ ಮಕ್ಕಳಿಗೆ ಮೊಬೈಲ್ ಜಾಸ್ತಿ ಆಯಿತು. ನಾಟಕ ಎಲ್ಲ. ಎರಡು ಬಿಟ್ಟರೆ ಸರಿ ಹೋಗುತ್ತೆ.

ಮೇಡಂ: ಸರ್, ಆ ಹುಡುಗಿಯ ಅಕ್ಕ ಇದನ್ನು ಓದುತ್ತಿದ್ದಾರೆ. ಅಳಿಸಿ.

ಶಿರಾ ರೈತ: ಅಳಿಸ್ರೀ ಮೊದಲು.

ಬಟವಾಡಿ ಅಂಕಲ್: ಅಭಿಪ್ರಾಯ ಹೇಳುವುದೂ ತಪ್ಪಾ ಈ ಗುಂಪಿನಲ್ಲಿ?

ಅಡ್ಮಿನ್: ಅಳಿಸಿದ್ದೇನೆ. ಅಂಕಲ್, ಇನ್ನೊಂದು ಸಲ ಹಾಕಿದರೆ ತೆಗೆಯಬೇಕಾಗುತ್ತೆ.

ಪಾವಗಡ ಅಕ್ಕ: ಕರೆ ಮಾಡ್ತಾ ಇದ್ದೀನಿ ಮೇಡಂ.

*(ಸುಮಾರು ಮುಕ್ಕಾಲು ಗಂಟೆ ಮೇಡಂ ಗುಂಪಿನಲ್ಲಿ ಇರಲಿಲ್ಲ.)*

ಮಧುಗಿರಿ ಪೋಷಕರು: ಮೇಡಂ 14 ಅಂದರೆ ಸಾಧಾರಣವಾ?

ತುರುವೇಕೆರೆ ಅಪ್ಪ: ನೀಟ್‌ಗೆ ಎಷ್ಟು ಆಶಾವಾದ ಬೇಕು?

ಸದಾಶಿವನಗರ ಮಿಸ್: ನಮ್ಮದು ಉರ್ದು ಮಾಧ್ಯಮ. ಮಕ್ಕಳಿಗೆ ಹಾಳೆಯ ಕನ್ನಡ ಅರ್ಥ ಆಗಿರಲಿಲ್ಲ, ನಾವೇ ಬಾಯಲ್ಲಿ ಹೇಳಿ ತುಂಬಿಸಿದೆವು. ಆ ಅಂಕ ಲೆಕ್ಕಕ್ಕೆ ಬರುತ್ತಾ?

ಕೋಚಿಂಗ್ ಸಾರ್: ಗುಬ್ಬಿ ಮೇಷ್ಟ್ರೇ, ನಾನು ಸರ್ಕಾರಿ ಶಾಲೆ ಬಗ್ಗೆ ಏನೂ ಅಂದಿಲ್ಲ. ನಿಮಗೆ ಕೀಳರಿಮೆ ಇದ್ದರೆ ನಾನೇನು ಮಾಡಲಿ.

ಗುಬ್ಬಿ ಮೇಷ್ಟ್ರು: ನಿಮ್ಮ ಬ್ಯಾನರಿನಲ್ಲಿರುವ ಟಾಪರ್‌ಗಳಲ್ಲಿ ನಮ್ಮ ಶಾಲೆ ಹುಡುಗಿಯೂ ಇದ್ದಾಳೆ. ನಿಮ್ಮಲ್ಲಿ ಒಂದು ತಿಂಗಳು ಕೂತಿದ್ದಳು. ಫೋಟೋ ಮಾತ್ರ ವರ್ಷ ಪೂರ್ತಿ.

ಕುಣಿಗಲ್ ಅಮ್ಮ: ಅಯ್ಯೋ ನಿಮ್ಮ ಜಗಳ ಬೇರೆ ಕಡೆ ಆಡಿಕೊಳ್ಳಿ.

ತಿಪಟೂರು ಟೀಚರ್: ಮೇಡಂ, ನೀವು ಬಂದಾಗ ನೋಡಿ. ನಮ್ಮ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳಿಗೆ 7. ಪ್ರತಿ ಟೆಸ್ಟಿಗೆ ಮೊದಲು ‘ಈ ಸಲ ಹೋಯ್ತು ಮಿಸ್, ಫೇಲೇ’ ಅಂತಾಳೆ. ಬರುವುದು ನೂರಕ್ಕೆ ತೊಂಬತ್ತರ ಮೇಲೆ. ದಿನಾ ಪ್ರಾರ್ಥನೆಯಲ್ಲಿ ಅವಳನ್ನು ಮುಂದೆ ನಿಲ್ಲಿಸಿ ‘ನಾನು ಗೆದ್ದೇ ಗೆಲ್ಲುತ್ತೇನೆ’ ಅಂತ ಹೇಳಿಸಬೇಕು ಅಂತ ನಮ್ಮ ಎಚ್‌ಎಂ ಹೇಳುತ್ತಿದ್ದಾರೆ. ಮಾಡಿಸಲಾ?

ಮೇಡಂ: ಬಂದೆ. ಪಾವಗಡದ ಅಕ್ಕನ ಜೊತೆ ಮಾತಾಡಿದ್ದೇನೆ. ಅದರ ಬಗ್ಗೆ ಇಲ್ಲಿ ಯಾರೂ ಕೇಳಬೇಡಿ.

ಟೀಚರ್, ದಯವಿಟ್ಟು ಮಾಡಿಸಬೇಡಿ. ಇಂಥ ಮಕ್ಕಳು ನನಗೆ ತುಂಬಾ ಕುತೂಹಲ. ಜೂಲಿ ನೋರೆಮ್ ಮತ್ತು ನ್ಯಾನ್ಸಿ ಕ್ಯಾಂಟರ್ 1986ರಲ್ಲಿ ಇಂಥವರ ಬಗ್ಗೆ ಬರೆದರು. ಇವರು ಮೊದಲೇ ಕೆಟ್ಟದ್ದನ್ನು ಊಹಿಸುತ್ತಾರೆ. ಯಾವ ಪ್ರಶ್ನೆ ಬಂದರೆ ಕೈ ಕೊಡುತ್ತೆ, ಎಲ್ಲಿ ಸಮಯ ಸಾಲುವುದಿಲ್ಲ ಅಂತ ಒಂದೊಂದೇ ಎಣಿಸುತ್ತಾರೆ. ಆಮೇಲೆ ಅದನ್ನೇ ಕೂತು ಓದುತ್ತಾರೆ. ಆ ಭಯವೇ ಅವರನ್ನು ಓದಲು ಕೂರಿಸುತ್ತೆ. ‘ಹಿಂದೆ ಚೆನ್ನಾಗಿ ಮಾಡಿದ್ದೀಯ, ಈಗಲೂ ಮಾಡುತ್ತೀಯ’ ಅಂತ ಧೈರ್ಯ ಹೇಳಿ ನೋಡಿದಾಗ ಇಂಥವರ ಫಲಿತಾಂಶ ಕೆಳಗೆ ಬಂತು. ಪ್ರಾರ್ಥನೆಯಲ್ಲಿ ಇಡೀ ಶಾಲೆಯ ಮುಂದೆ ‘ಗೆದ್ದೇ ಗೆಲ್ಲುತ್ತೇನೆ’ ಅಂತ ಹೇಳಿಸಿದರೆ ಸೋಲಬಾರದು ಅನ್ನುವ ಹೊಸ ಭಾರವೊಂದನ್ನು ಅವಳ ತಲೆ ಮೇಲೆ ಇಟ್ಟ ಹಾಗೆ.

ಆದರೆ ‘ಫೇಲೇ’ ಅನ್ನುವವರೆಲ್ಲ ಒಂದೇ ಥರ ಅಂತ ತಿಳಿಯಬೇಡಿ. ‘ಫೇಲೇ’ ಅಂದ ಮೇಲೆ ಅವಳು ಪುಸ್ತಕ ತೆಗೆಯುತ್ತಾಳಾ, ಮುಚ್ಚುತ್ತಾಳಾ? ಅದನ್ನು ನೋಡಿ. ಪರೀಕ್ಷೆ ಮುಗಿದ ಮೇಲೆ ನಗುತ್ತಾ ಮನೆಗೆ ಹೋಗುತ್ತಾಳಾ? ಅಥವಾ ತೊಂಬತ್ತು ಬಂದರೂ ‘ಏನೋ ಅದೃಷ್ಟ’ ಅಂತ ಮುದುಡಿ ಕೂರುತ್ತಾಳಾ? ರಾತ್ರಿ ನಿದ್ದೆ ಬರುತ್ತಾ? ಪುಸ್ತಕ ತೆಗೆದು, ಆಮೇಲೆ ಹಗುರ ಆಗುತ್ತಿದ್ದರೆ ಅವಳ ಪಾಡಿಗೆ ಬಿಡಿ. ನಿದ್ದೆ ಕೆಟ್ಟು, ಹೊಟ್ಟೆನೋವು ಅಂತ ರಜೆ ಹಾಕುತ್ತಿದ್ದರೆ ನನ್ನ ಹತ್ತಿರ ಕಳಿಸಿ.

ಇನ್ನೊಂದು ವಿಷಯ. ಅಂಕಕ್ಕಿಂತ ನಾನು ಜಾಸ್ತಿ ನಂಬುವುದು ಮಕ್ಕಳು ಸೋಲಿಗೆ ಕೊಡುವ ಕಾರಣವನ್ನು. ಮಾರ್ಟಿನ್ ಸೆಲಿಗ್‌ಮನ್ ಮತ್ತು ಜೊತೆಯವರು ಮೂರು ವಿಷಯ ನೋಡುತ್ತಿದ್ದರು: ಇದು ಯಾವಾಗಲೂ ಹೀಗೇನಾ, ಎಲ್ಲದರಲ್ಲೂ ಹೀಗೇನಾ, ತಪ್ಪೆಲ್ಲ ನನ್ನದೇನಾ. ಕಡಿಮೆ ಅಂಕ ಬಂದ ಪೇಪರಿನ ಹಿಂದೆ ‘ಯಾಕೆ ಹೀಗಾಯಿತು’ ಅಂತ ಎರಡು ಸಾಲು ಬರೆಸಿ. ಒಬ್ಬಳು ‘ತ್ರಿಕೋನಮಿತಿ ಬಿಟ್ಟಿದ್ದೆ, ಅದೇ ಬಂತು’ ಅಂತ ಬರೆಯುತ್ತಾಳೆ. ಇನ್ನೊಬ್ಬಳು ‘ನನ್ನ ತಲೆಗೆ ಏನೂ ಹತ್ತಲ್ಲ’ ಅನ್ನುತ್ತಾಳೆ. ಎರಡನೆಯವಳಿಗೆ ‘ಹಾಗನ್ನಬಾರದು’ ಅನ್ನಬೇಡಿ. ‘ಏನೂ ಅಂದರೆ ಯಾವ ಯಾವುದು? ಹೋದ ತಿಂಗಳು ಸಮಾಜದಲ್ಲಿ ಎಷ್ಟು ಬಂತು?’ ಅಂತ ಕೇಳಿ. ತನ್ನ ಮಾತನ್ನು ಅವಳೇ ಪರೀಕ್ಷೆ ಮಾಡಲಿ. ಹಾಗಂತ ಎಲ್ಲವನ್ನೂ ಮಗುವಿನ ಯೋಚನೆ ಮೇಲೆ ಹಾಕಲೂ ಬೇಡಿ. ಗಣಿತಕ್ಕೆ ಮೇಷ್ಟ್ರೇ ಇಲ್ಲದ ಶಾಲೆಯ ಹುಡುಗಿ ‘ನಮಗೆ ಪಾಠ ಆಗಿಲ್ಲ’ ಅಂದರೆ ಅದು ನಿರಾಶಾವಾದ ಅಲ್ಲ, ಇದ್ದ ವಿಷಯ.

ಗುಬ್ಬಿ ಮೇಷ್ಟ್ರು: ಕೊನೆ ಮಾತಿಗೆ ಚಪ್ಪಾಳೆ ಮೇಡಂ.

ಕೋಚಿಂಗ್ ಸಾರ್: ಅಂದರೆ ಮಕ್ಕಳಿಗೆ ನೆಗೆಟಿವ್ ಆಗಿರಿ ಅಂತ ಹೇಳಿಕೊಡಬೇಕಾ? ಒಳ್ಳೇ ಸಲಹೆ.

ಮೇಡಂ: ಹಾಗೆ ಹೇಳಿಲ್ಲ. ಓದಿ ಮಾತಾಡಿ.

ಮಧುಗಿರಿ ಪೋಷಕರು: ಮೇಡಂ ನನ್ನ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ. 14.

ಮೇಡಂ: 14 ಅಂದರೆ 14.

ಮಧುಗಿರಿ ಪೋಷಕರು: ದುಡ್ಡು ಕೊಟ್ಟು ಬಂದವರಿಗೂ ಹೀಗೇ ಮಾತಾಡ್ತೀರಾ?

ಶಿರಾ ರೈತ: ಒಂಬತ್ತೂವರೆ ಆಯ್ತು. ಅವರೂ ಊಟ ಮಾಡಬೇಕಲ್ವೇನ್ರೀ.

ಗುಬ್ಬಿ ಮೇಷ್ಟ್ರು: ಕೊನೆಯದಾಗಿ ಮೇಡಂ. ಹಾಳೆಗಳನ್ನು ಎಚ್‌ಎಂ ನೋಟಿಸ್ ಬೋರ್ಡಿಗೆ ಹಾಕಿಸಿದ್ದಾರೆ, ಹೆಸರು ಅಂಕ ಸಮೇತ. ಹುಡುಗರು 12 ಬಂದ ಇನ್ನೊಬ್ಬನನ್ನು ‘ಹನ್ನೆರಡು’ ಅಂತಲೇ ಕರೆಯುತ್ತಿದ್ದಾರೆ. ಏನು ಮಾಡಲಿ?

ಮೇಡಂ: ನಾಳೆ ಪ್ರಾರ್ಥನೆಗೆ ಮೊದಲೇ ತೆಗೆಸಿ. ಯಾರದು ಅವರಿಗೆ ವಾಪಸ್ ಕೊಡಿ, ಶಾಲೆಯಲ್ಲಿ ಪ್ರತಿ ಇಟ್ಟುಕೊಳ್ಳಬೇಡಿ. ಎಚ್‌ಎಂ ಒಪ್ಪದಿದ್ದರೆ ನನಗೆ ಫೋನ್ ಕೊಡಿ, ನಾನು ಮಾತಾಡುತ್ತೇನೆ.