ವರ್ಷಗಳ ನಂತರ ಕೈಗೆತ್ತಿಕೊಂಡ ತೊಟ್ಟಿಲ ಕೌದಿ: ನಡುವಿನ ತುಂಡಿಗೆ ಇಳಕಲ್ ಸೆರಗು ಹಾಕಬಹುದೇ?

ಧಾರವಾಡದ ಸೂಜಿ:
ಎಲ್ಲರಿಗೂ ನಮಸ್ಕಾರ. ತಂಗಿಯ ಚೊಚ್ಚಲ ಬಸಿರಿನಲ್ಲಿ ಅವಳ ಮಗುವಿಗೆಂದು ಪುಟ್ಟ ಕೌದಿಯೊಂದನ್ನು ಶುರುಮಾಡಿದ್ದೆ. ಅಷ್ಟರಲ್ಲಿ ಅತ್ತೆಯವರು ಹಾಸಿಗೆ ಹಿಡಿದರು, ಆಮೇಲೆ ಮನೆ ಬದಲಾಯಿತು, ಕೌದಿ ಟ್ರಂಕಿನ ತಳ ಸೇರಿತು. ಆ ಮಗು ಈಗ ಶಾಲೆಗೆ ಹೋಗುತ್ತಾಳೆ. ತಂಗಿ ಮತ್ತೆ ಬಸುರಿ, ಕುಬಸಕ್ಕೆ ಹೆಚ್ಚು ದಿನ ಉಳಿದಿಲ್ಲ. ಈ ಸಲ ಮುಗಿಸಿಯೇ ಕೊಡಬೇಕೆಂದಿದ್ದೇನೆ.

ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದನ್ನು ಪಕ್ಕದಲ್ಲಿ ಕುಳಿತು ನೋಡಿ ಕಲಿತ ರೀತಿ ಇದು. ಮೊದಲೇ ತುಂಡು ಜೋಡಿಸಿಕೊಳ್ಳುವುದಿಲ್ಲ. ಅಂಚಿನಿಂದ ಆರಂಭಿಸಿ, ಒಂದೊಂದೇ ತುಂಡಿನ ತುದಿ ಮಡಚಿ ಇಡುತ್ತಾ, ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತಾ ಹೋಗುವುದು. ನನ್ನದರಲ್ಲಿ ನಡುವೆ ಒಂದು ಗೇಣಿನಷ್ಟು ಜಾಗ ಖಾಲಿ ಉಳಿದಿದೆ. ಅಲ್ಲಿಗೆ ಅಜ್ಜಿಯ ಇಳಕಲ್ ಸೀರೆಯ ಕೆಂಪು ಸೆರಗನ್ನು ಹಾಕುವ ಆಸೆ. ಉಳಿದ ತುಂಡುಗಳೆಲ್ಲ ಒಗೆದು ಒಗೆದು ಮೆತ್ತಗಾದ ಹತ್ತಿ. ಸೆರಗು ಮಾತ್ರ ನೀರು ಕಂಡಿದ್ದೇ ಕಡಿಮೆ. ಬಣ್ಣ ಬಿಟ್ಟರೆ ಎಲ್ಲವೂ ಹಾಳು.

ಇನ್ನೆರಡು ಚಿಂತೆಗಳಿವೆ. ಅಂಚಿನಿಂದ ತಳ್ಳಿಕೊಂಡು ಬಂದ ಬಟ್ಟೆಯೆಲ್ಲ ನಡುವೆ ಸೇರಿ ಉಬ್ಬಿಕೊಂಡಿದೆ. ಜೊತೆಗೆ, ಈಗಿನ ನನ್ನ ಹೊಲಿಗೆ ಆಗಿನದಕ್ಕಿಂತ ಉದ್ದವಾಗಿ ಬೀಳುತ್ತಿದೆ. ಒಳಸುತ್ತುಗಳನ್ನು ಬಿಚ್ಚಿ ಮತ್ತೆ ಹೊಲಿಯಲೇ?

ಕಾಳಿ ದಂಡೆ:
ದಯವಿಟ್ಟು ಬಿಚ್ಚಬೇಡಿ. ಹಳೆಯ ಸೀರೆಯಲ್ಲಿ ದಾರ ಎಳೆದ ತೂತುಗಳು ಮುಚ್ಚಿಕೊಳ್ಳುವುದಿಲ್ಲ, ಅದೇ ಸಾಲಿನಲ್ಲಿ ಬಟ್ಟೆ ಸೀಳುತ್ತದೆ. ಹಳೆಯ ದಾರದ ತುದಿಯನ್ನು ಹಾಗೇ ಬಿಟ್ಟು, ಹೊಸ ದಾರವನ್ನು ನಾಲ್ಕೈದು ಹೊಲಿಗೆ ಹಿಂದಿನಿಂದ, ಹಳೆಯದರ ಮೇಲೆಯೇ ತೆಗೆದುಕೊಂಡು ಬನ್ನಿ. ಉದ್ದ ಬೇರೆಯಾದರೆ ಆಗಲಿ. ನಮ್ಮಲ್ಲಿ ಕೌದಿಗೆ ಕವಂದಿ ಎನ್ನುತ್ತೇವೆ. ನಮ್ಮ ಮನೆಯ ಕವಂದಿಗಳಲ್ಲಿ ಅಮ್ಮನ ಸುತ್ತು ಯಾವುದು, ಚಿಕ್ಕಮ್ಮನದು ಯಾವುದು ಎಂದು ಈಗಲೂ ಬೆರಳಿಟ್ಟು ತೋರಿಸುತ್ತೇವೆ.

ಉಬ್ಬಿಗೆ ಹೆದರಬೇಡಿ. ನೆಲದ ಮೇಲೆ ಹರಡಿ, ಅಡಿಯ ಬಟ್ಟೆಯ ಹೆಚ್ಚುವರಿಯನ್ನು ಒಂದೇ ಕಡೆ ಬಿಡದೆ ಎರಡು ಮೂರು ಕಡೆ ಸಣ್ಣ ನಿರಿಗೆ ಹಿಡಿದು ಕೂಡಿಸಿ. ಮೇಲಿನ ತುಂಡನ್ನು ಜಾಗಕ್ಕಿಂತ ತುಸು ದೊಡ್ಡದು ಕತ್ತರಿಸಿ, ಅಂಚನ್ನು ಒಳಮಡಚಿ ಇಟ್ಟರೆ ನಿರಿಗೆ ಮುಚ್ಚಿಹೋಗುತ್ತದೆ. ದಬ್ಬಣ ಮಾತ್ರ ಬೇಡ, ತೆಳುವಾದ ಉದ್ದ ಸೂಜಿ ಸಾಕು. ನಾಲ್ಕೂ ಮೂಲೆಗೆ ಫುಲಾ ಹಾಕಿದ್ದೀರಾ? ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೊಲಿಯುವ ಆ ಹೂವು ಇಲ್ಲದಿದ್ದರೆ ನಮ್ಮವರ ಕಣ್ಣಿಗೆ ಕವಂದಿ ಬೆತ್ತಲೆ.

ಮಗ್ಗದ ಮನೆಯವನು:
ಇಳಕಲ್ ಸೀರೆಯ ಒಡಲಿನ ಹಾಸು ಎಳೆಗಳನ್ನೂ (ಮಗ್ಗದಲ್ಲಿ ಉದ್ದಕ್ಕೆ ಹಾಸುವ ಎಳೆಗಳು) ಸೆರಗಿನ ಹಾಸು ಎಳೆಗಳನ್ನೂ ಕೊಂಡಿ ಹಾಕಿ ಕೂಡಿಸುತ್ತೇವೆ. ಆದ್ದರಿಂದ ಒಡಲು ಹತ್ತಿಯಾಗಿದ್ದರೂ ಸೆರಗು ರೇಷ್ಮೆ ಅಥವಾ ಕೃತಕ ರೇಷ್ಮೆ ಆಗಿರಬಹುದು. ತುದಿಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟಂತೆ ಬಂದರೆ ಕೃತಕ ರೇಷ್ಮೆಯೋ ಹತ್ತಿಯೋ.

ಬಣ್ಣಕ್ಕೆ ಉಪ್ಪುನೀರಿನಲ್ಲಿ ನೆನೆಸಿ ಎಂದು ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿ ಕೂರಬೇಡಿ. ಒದ್ದೆ ಮೂಲೆಯನ್ನು ಬಿಳಿ ಬಟ್ಟೆಯ ನಡುವೆ ಇಟ್ಟು ಹದವಾದ ಇಸ್ತ್ರಿ ಒತ್ತಿ. ಕೆಂಪು ಅಂಟಿತೆಂದರೆ ಹೊಲಿಯುವ ಮುಂಚೆಯೇ ಬೇರೆಯಾಗಿ, ತಣ್ಣೀರಿನಲ್ಲಿ, ನೀರು ತಿಳಿಯಾಗುವ ತನಕ ಜಾಲಿಸಿ. ಸೆರಗನ್ನು ಬೆಳಕಿಗೆ ಹಿಡಿದೂ ನೋಡಿ. ವರ್ಷಗಟ್ಟಲೆ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯ ಗೆರೆಯಲ್ಲೇ ಮೊದಲು ಹರಿಯುತ್ತದೆ.

ಗದಗಿನ ಅಜ್ಜಿ:
ತಂಗೀ, ನನ್ನದು ಬೇರೆ ಅಭಿಪ್ರಾಯ. ತೊಟ್ಟಿಲ ಕೌದಿ ದಿನಕ್ಕೆಷ್ಟು ಸಲ ಒದ್ದೆಯಾಗುತ್ತದೆ ಎಂಬುದು ನಿನಗೂ ಗೊತ್ತು. ಬಿಸಿನೀರು, ಸಾಬೂನು, ಬಿಸಿಲು, ಇವು ಮೂರೂ ತಪ್ಪುವುದಿಲ್ಲ. ಕೂಸು ಮಲಗುವ ಕಡೆ, ನಟ್ಟನಡುವೆ, ಸೆರಗು ಹಾಕಿದರೆ ಒಂದೇ ವರ್ಷದಲ್ಲಿ ಚಿಂದಿಯಾಗುತ್ತದೆ. ಅಜ್ಜಿಯ ನೆನಪು ಬೇಕೆಂದರೆ ಅದೇ ಸೀರೆಯ ಒಡಲಿನ ಹತ್ತಿಯನ್ನು ನಡುವೆ ಹಾಕು. ಸೆರಗಿನಿಂದ ಮೂಲೆಯ ಹೂವು ಮಾಡು, ಅಲ್ಲಿ ಒರಸಾಟ ಕಡಿಮೆ. ಇನ್ನೊಂದು ಮಾತು: ಕೂಸಿನ ಕೆಳಗೆ ಹಾಸಲಿ, ದಪ್ಪ ಕೌದಿಯನ್ನು ಮೇಲೆ ಹೊದಿಸಬೇಡಿ.

ನಮ್ಮ ಮನೆಯಲ್ಲಿ ಕೊನೆಯ ತುಂಡಿನ ಕೆಳಗೆ ನಾಲ್ಕು ಅಕ್ಕಿಕಾಳು ಇಟ್ಟು ಹೊಲಿಯುತ್ತಿದ್ದರು, ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು. ನೀನು ಇಡುವುದಾದರೆ ಸುತ್ತಲೂ ಒತ್ತೊತ್ತಾಗಿ ಹೊಲಿ, ಕಾಳು ಹೊರಗೆ ಬಂದು ಕೂಸಿನ ಬಾಯಿ ಸೇರಬಾರದು.

ಧಾರವಾಡದ ಸೂಜಿ:
ಅಜ್ಜಿ, ನಿಮ್ಮ ಮಾತೇ ಸರಿ ಅನ್ನಿಸಿತು. ಎಳೆ ಸುಟ್ಟು ನೋಡಿದೆ, ಕಾಗದದ ವಾಸನೆ. ಹೊಳಪು ನೋಡಿದರೆ ಕೃತಕ ರೇಷ್ಮೆಯೇ. ಬಿಳಿ ಬಟ್ಟೆಗೆ ಗುಲಾಬಿ ಬಣ್ಣ ಅಂಟಿತು. ಬೇಕಾದಷ್ಟನ್ನು ಕತ್ತರಿಸಿ ನೀರು ತಿಳಿಯಾಗುವ ತನಕ ಜಾಲಿಸಿ, ನೆರಳಿನಲ್ಲಿ ಒಣಗಿಸಿ ಮತ್ತೆ ಒತ್ತಿ ನೋಡಿದೆ. ಈ ಸಲ ಅಂಟಲಿಲ್ಲ. ನಾಲ್ಕು ಹೂವಿಗೆ ಸಾಕಾಗಿ ಇನ್ನೂ ಒಂದು ಪಟ್ಟಿ ಉಳಿದಿದೆ.

ನಡುವೆ ಅಜ್ಜಿಯ ಸೀರೆಯ ಕಡುನೀಲಿ ಒಡಲು ಕೂತಿದೆ. ಕೆಳಗೆ ಎರಡು ನಿರಿಗೆ ಹಿಡಿದೆ, ಉಬ್ಬು ಕೈಗೆ ಹತ್ತುವುದಿಲ್ಲ. ಹೊಲಿಗೆ ಬದಲಾದ ಸುತ್ತು ಕಾಣುತ್ತದೆ, ಅದನ್ನು ಹಾಗೇ ಇಟ್ಟಿದ್ದೇನೆ. ಅಕ್ಕಿಯನ್ನೂ ಇಟ್ಟೆ. ಕಾಳಿ ದಂಡೆಯವರೇ, ಫುಲಾದ ಮಡಿಕೆಯ ಬಾಯಿ ಹೊರಮುಖವಾಗಿರಬೇಕೋ ಒಳಮುಖವಾಗಿರಬೇಕೋ? ಅದೊಂದು ತಿಳಿಸಿದರೆ ನಾಳೆಯೇ ಹೊಲಿದುಬಿಡುತ್ತೇನೆ.

ಕಾಳಿ ದಂಡೆ:
ನಾವು ಚೂಪು ತುದಿಯನ್ನು ಹೊರಕ್ಕೆ ಬಿಡುತ್ತೇವೆ, ತೆರೆದ ಬಾಯಿಯನ್ನು ಕವಂದಿಯ ಅಂಚಿನೊಳಗೆ ಸೇರಿಸಿ ಎರಡು ಸಾಲು ಹೊಲಿಯುತ್ತೇವೆ. ಒಗೆದಾಗ ಎಳೆ ಬಿಚ್ಚುವುದಿಲ್ಲ.